ಉಸುಕಿನ ದಾರಿಗೆ ಬಲಗಾಲು

"ಇನ್ನೂ ಸ್ವಲ್ಪ ಬಿಡು ಮಾರಾಯ. ಟಯರು ಮದುವೆ ಊಟ ಮಾಡಿ ಬಂದವರ ಹಾಗೆ ಉಂಟು," ಎಂದ ಚೆನ್ನಯ.

ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಶಿವಪುತ್ರಪ್ಪ ವಾಲ್ವಿನ ಮೂತಿಗೆ ಬೆಂಕಿಕಡ್ಡಿಯ ತುದಿ ಒತ್ತಿ ಹಿಡಿದು, ಸುಸ್ಸೆಂದು ಹೊರಬೀಳುತ್ತಿದ್ದ ಗಾಳಿಯ ಸದ್ದನ್ನೇ ಕೇಳುತ್ತಿದ್ದ. ಟಯರು ಕೊಂಚ ಕುಸಿದು ನೆಲದ ಮೇಲೆ ಅಗಲವಾಗಿ ಕೂತಿತು. ಹೆಬ್ಬೆರಳಿನಿಂದ ಅದುಮಿ ನೋಡಿ, ಸಾಕೆನಿಸಿದ ಮೇಲೆ ಕಡ್ಡಿ ಎಸೆದು ಎದ್ದ. ಗಟ್ಟಿ ಟಯರು ಮರಳನ್ನು ಕೊರೆದು ಒಳಗಿಳಿಯುತ್ತದೆ, ಮೆತ್ತಗಿನ ಟಯರು ಮೇಲೆಯೇ ತೇಲುತ್ತದೆ. ಇದನ್ನು ಅವನಿಗೆ ಕಲಿಸಿದವನು ಚೆನ್ನಯನೇ. ಈಗ ಕಲಿಸಿದವನಿಗಿಂತ ಕಲಿತವನ ಗತ್ತೇ ಹೆಚ್ಚು.

ಡಾಂಬರು ರಸ್ತೆ ಅಲ್ಲಿಗೆ ಮುಗಿಯುತ್ತಿತ್ತು. ಮುಂಬೈಯ ಮಾಲಾಡಿನಿಂದ ಪಶ್ಚಿಮಕ್ಕೆ, ಬಸ್ಸೂ ತಿರುಗಿ ಹೋಗುವ ಜಾಗ ದಾಟಿದರೆ ಒಂದು ಸಾಲು ಗಾಳಿಮರ, ಅದರಾಚೆ ಬರೀ ಮರಳು. ಮರಳಿನ ಆ ತುದಿಯಲ್ಲಿ ಕೋಲಿವಾಡ, ಮೀನುಗಾರರ ಕೇರಿ. ಪಿಕಪ್ಪಿನ ಹಿಂಬದಿಯಲ್ಲಿ ಗೋಣಿತಾಟು, ಮರದ ಹೊಟ್ಟು ಹೊದ್ದುಕೊಂಡ, ಮೀನು ಕೆಡದಂತೆ ಇಡುವ ಬರ್ಫದ ಮಂಜುಗಡ್ಡೆಗಳು ಸಣ್ಣಗೆ ತೊಟ್ಟಿಕ್ಕುತ್ತಿದ್ದವು. ಅಂದು ಶ್ರಾವಣದ ಹುಣ್ಣಿಮೆಯ ಮರುದಿನ. ಮಳೆಗಾಲವಿಡೀ ದಡದಲ್ಲಿ ಮಗುಚಿ ಬಿದ್ದಿದ್ದ ದೋಣಿಗಳು ಹಿಂದಿನ ದಿನ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿ, ಬಣ್ಣ ಬಳಿಸಿಕೊಂಡು, ಬರ್ಫ ಬಂದರೆ ಹೊರಟೇಬಿಡುತ್ತೇವೆ ಎಂದು ಕಾಯುತ್ತಿದ್ದವು. ಋತುವಿನ ಮೊದಲ ಬರ್ಫ ತರುವ ಗಾಡಿಗೆ ಕೋಲಿ ಹೆಂಗಸರು ಕುಂಕುಮ ಹಚ್ಚಿ ಆರತಿ ಎತ್ತುತ್ತಾರೆ. ಐದಾರು ವರ್ಷಗಳಿಂದ ಆ ಗಾಡಿ ಶಿವಪುತ್ರಪ್ಪನದೇ. ಬೇರೆ ಡ್ರೈವರುಗಳು ಗಾಳಿಮರದ ಹತ್ತಿರವೇ ಬರ್ಫ ಇಳಿಸಿ, ಹೊತ್ತುಕೊಂಡು ಹೋಗಿ ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಶಿವಪುತ್ರಪ್ಪ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದ. ಸ್ಟೇರಿಂಗಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೂತ. ಅನ್ನ ಕೊಡುವ ಗಾಡಿಯನ್ನು ಚಪ್ಪಲಿ ಹಾಕಿಕೊಂಡು ತುಳಿಯಬಾರದು ಎಂಬುದು ಒಂದು ಕಾರಣ. ಬರಿಗಾಲಿಗೆ ಎಂಜಿನ್ನಿನ ಉಸಿರು ತಿಳಿಯುತ್ತದೆ, ಮರಳಿನಲ್ಲಿ ಅಂಗಾಲೇ ಕಣ್ಣು ಎಂಬುದು ಇನ್ನೊಂದು. ಆದರೆ ಇವತ್ತು ಅವನು ಗಾಡಿ ಚಾಲೂ ಮಾಡುವ ಮೊದಲು ಒಮ್ಮೆ ತಲೆ ಬಗ್ಗಿಸಿ ಕೆಳಗೆ ನೋಡಿದ. ಬಲಗಾಲು ಎಕ್ಸಿಲೇಟರಿನ ಮೇಲೆ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು.

"ಎಂತ? ಏನಾದ್ರೂ ಬಿತ್ತಾ?" ಎಂದ ಪಕ್ಕದಲ್ಲಿ ಕೂತ ಚೆನ್ನಯ.

"ಏನಿಲ್ಲೋ. ಇರಿವಿ."

ಇರುವೆಯೂ ಇಲ್ಲ, ಮಣ್ಣೂ ಇಲ್ಲ. ಆ ಕಾಲು ಸತ್ತು ಹೋಗಿತ್ತು.

ಶಿವಪುತ್ರಪ್ಪ ಬಿಜಾಪುರದ ಕಡೆಯವನು. ಎಳೆಯ ವಯಸ್ಸಿನಲ್ಲೇ ಮುಂಬೈಗೆ ಬಂದು ಪರೇಲಿನ ಗಿರಣಿಯೊಂದರಲ್ಲಿ ನೂಲಿನ ಮಗ್ಗಕ್ಕೆ ನಿಂತವನು, ಗಿರಣಿಗಳ ದೊಡ್ಡ ಮುಷ್ಕರ ಬರುವವರೆಗೂ ಅಲ್ಲೇ ಇದ್ದ. ಮುಷ್ಕರ ಮುಗಿಯಲೂ ಇಲ್ಲ, ಗಿರಣಿ ತೆರೆಯಲೂ ಇಲ್ಲ. ಆಮೇಲೆ ಆಂಟಾಪ್ ಹಿಲ್ಲಿನ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಊಟಕ್ಕೆ ಕರೆದರೆ ಉಂಡ, ಕರೆಯದಿದ್ದರೆ ಇಲ್ಲ. ಹೆಂಡತಿ ದಾನವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಸಂಸಾರ ಎಳೆದಳು. ರೊಟ್ಟಿ ಬಡಿಯುವ ಕಷ್ಟ ಅವಳಿಗೆ ಕಷ್ಟವೇ ಆಗಿರಲಿಲ್ಲ. ಬೆನ್ನ ಹಿಂದೆ ಬದುಕಿರುವ ಗಂಡ ಹೆಣದ ಹಾಗೆ ಕೂತಿದ್ದಾನಲ್ಲ, ಅದಕ್ಕೆ ಅವಳು ಹೆದರಿ ಹೋಗಿದ್ದಳು. ಕೊನೆಗೆ ಮುಲುಂಡಿನಲ್ಲಿದ್ದ ತನ್ನ ಅಣ್ಣ ಮುರಿಗೆಪ್ಪನ ಕಾಲು ಹಿಡಿದು, ಅವನ ಹಳೆಯ ಡೀಸೆಲ್ ಪಿಕಪ್ಪನ್ನು ಗಂಡನ ಕೈಗೆ ಕೊಡಿಸಿದಳು. ಸ್ಟೇರಿಂಗು ಹಿಡಿದ ದಿನ ಮನುಷ್ಯ ಮಾತಾಡಿದ. ರಾತ್ರಿ ರೊಟ್ಟಿಗೆ ಖಾರ ಕಡಿಮೆಯಾಯಿತು ಎಂದು ಬೈದ. ದಾನವ್ವ ಆ ಬೈಗುಳ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರಳಿಗೆ ಮೊದಲ ಸಲ ಗಾಡಿ ಇಳಿಸಿದ ಕಥೆ ಮಾತ್ರ ಕೇಳಬಾರದು. ಎರೆಮಣ್ಣಿನ ಸೀಮೆಯವನು. ಅಲ್ಲಿ ಮಳೆಗಾಲದ ರಾಡಿಯಲ್ಲಿ ಚಕ್ಕಡಿ ಸಿಕ್ಕಿಕೊಂಡರೆ ಎತ್ತಿನ ಬಾಲ ಮುರಿದು, ಹೋ ಎಂದು ಕೂಗಿ, ಒಂದೇ ಉಸಿರಿಗೆ ಎಳೆಸಿಬಿಡಬೇಕು. ನಿಂತರೆ ಕೆಟ್ಟೆ. ಇವನು ಇಲ್ಲಿಯೂ ಅದನ್ನೇ ಮಾಡಿದ. ಹಲ್ಲು ಕಚ್ಚಿ ಎಕ್ಸಿಲೇಟರು ತುಳಿದ. ಚಕ್ರಗಳು ಗರ್‍ರನೆ ತಿರುಗಿದವೇ ಹೊರತು ಗಾಡಿ ಒಂದು ಮೊಳ ಮುಂದೆ ಹೋಗಲಿಲ್ಲ, ಬಾವಿ ತೋಡುವ ಹಾಗೆ ಕೆಳಕ್ಕೆ ಹೋಯಿತು. ಕೋಲಿ ಹೆಂಗಸರು ಬುಟ್ಟಿ ಇಳಿಸಿ ಹೊಟ್ಟೆ ಹಿಡಿದು ನಕ್ಕರು. ಬರ್ಫದ ಕಾರ್ಖಾನೆಯ ಹಮಾಲಿಯಾಗಿ ಜೊತೆಗೆ ಬಂದಿದ್ದ ಚೆನ್ನಯ, ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದವನು, ಕೆಳಗಿಳಿದು ಕೈಯಲ್ಲೇ ಮರಳು ಬಗೆದ.

"ಹೀಗೆ ಸಿಟ್ಟು ಮಾಡಿದ್ರೆ ಆಗ್ಲಿಕ್ಕಿಲ್ಲ. ಮರಳನ್ನು ಮೆಲ್ಲ ಮಾತಾಡಿಸ್ಬೇಕು."

"ಹಂಗಾದ್ರ ನೀನ ಹೊಡಿ ಗಾಡಿ!"

"ನನಗೆ ಲೈಸೆನ್ಸ್ ಉಂಟು, ಧೈರ್ಯ ಇಲ್ಲ," ಎಂದು ಚೆನ್ನಯ ನಕ್ಕಿದ್ದ. ಹಿಂದೆ ಯಾವುದೋ ಹೋಟೆಲಿನ ವ್ಯಾನು ಓಡಿಸುತ್ತಿದ್ದವನು ಒಮ್ಮೆ ಸಿಗ್ನಲ್ಲಿನ ಕಂಬಕ್ಕೆ ಗುದ್ದಿ ಆ ಕೆಲಸಕ್ಕೆ ಕೈ ಮುಗಿದಿದ್ದನಂತೆ.

ಅಲ್ಲಿಂದ ಶುರುವಾದ ಗೆಳೆತನ. ಗಾಳಿ ಬಿಡುವುದು, ಎರಡನೇ ಗೇರಿನಲ್ಲಿ ಹೊರಡುವುದು, ಸ್ಟೇರಿಂಗು ಜೋರಾಗಿ ತಿರುಗಿಸದಿರುವುದು, ಬ್ರೇಕು ಮುಟ್ಟದೆ ಗಾಡಿಯನ್ನು ತಾನಾಗಿಯೇ ನಿಲ್ಲಲು ಬಿಡುವುದು, ಎಲ್ಲವನ್ನೂ ಚೆನ್ನಯ ಬಾಯಲ್ಲಿ ಹೇಳಿದ. ಆದರೆ ಎಕ್ಸಿಲೇಟರಿನ ಮರ್ಮವನ್ನು ಯಾರೂ ಹೇಳಿಕೊಡಲಾರರು. ಅದನ್ನು ಶಿವಪುತ್ರಪ್ಪನ ಅಂಗಾಲು ತಾನೇ ಕಲಿಯಿತು. ಚಕ್ರ ಮರಳನ್ನು ಹಿಡಿದಿರುವಾಗ ಪೆಡಲಿನಲ್ಲಿ ಒಂದು ಬಗೆಯ ನಡುಕ, ಹಿಡಿತ ತಪ್ಪುವ ಮೊದಲು ಇನ್ನೊಂದು ಬಗೆಯದು. ಆ ಎರಡನೆಯದು ಬಂತೆನ್ನುವಾಗಲೇ ಕಾಲು ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ತಲೆ ಯೋಚಿಸಿ ಹೇಳುವಷ್ಟರಲ್ಲಿ ಚಕ್ರ ಗುಂಡಿ ತೋಡಿಯಾಗಿರುತ್ತದೆ. ಕೋಲಿವಾಡದವರು ಅವನನ್ನು 'ರೇತಿವಾಲಾ ಅಣ್ಣ', ಮರಳಿನ ಅಣ್ಣ, ಎಂದು ಕರೆಯತೊಡಗಿದರು. ಮಗ್ಗದ ಮುಂದೆ ವರ್ಷಾನುಗಟ್ಟಲೆ ನಿಂತಿದ್ದರೂ ಯಾರೊಬ್ಬರೂ ಅವನಿಗೊಂದು ಹೆಸರಿಟ್ಟಿರಲಿಲ್ಲ.

ಸಕ್ಕರೆ ಕಾಯಿಲೆ ಯಾವಾಗ ಬಂತೋ ಅವನಿಗೇ ಗೊತ್ತಿಲ್ಲ. ಡಿಸ್ಪೆನ್ಸರಿಯ ಡಾಕ್ಟರರು ಸಿಹಿ ಬಿಡಿ, ಗುಳಿಗೆ ಬಿಡಬೇಡಿ ಎಂದಿದ್ದರು. ಇವನು ಗುಳಿಗೆ ಬಿಟ್ಟ, ಜಿಲೇಬಿ ಬಿಡಲಿಲ್ಲ. ಹೋದ ಚಳಿಗಾಲದಲ್ಲಿ ಬಲಗಾಲಿನ ಬೆರಳುಗಳಲ್ಲಿ ಜುಮುಜುಮು ಎಂದಿತು. ಬೇಸಗೆಯಲ್ಲಿ ಆ ಜುಮುಜುಮು ನಿಂತಾಗ ಗುಣವಾಯಿತೆಂದು ಹಿಗ್ಗಿದ. ಅಷ್ಟರಲ್ಲಿ ಮಳೆಗಾಲ ಬಂದು ದೋಣಿಗಳು ದಡ ಸೇರಿದವು, ಮರಳಿನ ದಾರಿಯೂ ನಿಂತಿತು. ಊರೊಳಗಿನ ಬಾಡಿಗೆಗೆ ಕಿವಿ, ಕಣ್ಣು ಸಾಕು. ಕಾಲು ಏನನ್ನೂ ಹೇಳುತ್ತಿಲ್ಲ ಎಂಬುದನ್ನು ಡಾಂಬರು ರಸ್ತೆ ಮುಚ್ಚಿಟ್ಟಿತು.

ಅದು ಬಯಲಾದದ್ದು ಒಂದು ಭಾನುವಾರ, ಮನೆಯಲ್ಲಿ. ಮಗಳು ವಿನೋದಿನಿ ಕಾಲೇಜಿನಲ್ಲಿ ಯಾರಿಂದಲೋ ಏನೋ ಕೇಳಿಕೊಂಡು ಬಂದಿದ್ದಳು.

"ಪಪ್ಪಾ, ಆಂಖ್ ಬಂದ್ ಮಾಡು. ನಾನು ಯಾವ ಉಂಗ್ಲಿ ಟಚ್ ಮಾಡ್ತೀನಿ, ತೂ ಬತಾ."

"ಏನ್ ಆಟಾ ಹಚ್ಚೀ ಬೇ," ಎಂದು ನಗುತ್ತಲೇ ಅವನು ಕಣ್ಣು ಮುಚ್ಚಿ ಕಾಲು ಚಾಚಿದ. "ಹೆಬ್ಬೆಟ್ಟು." ಸ್ವಲ್ಪ ತಡೆದು, "ಈಗ ಕಿರಿಬೆಟ್ಟು." ಮತ್ತೆ, "ಈಗ ನಡುವಿಂದು. ಬರೋಬರಿ ಹೇಳಿದ್ನಿಲ್ಲ?"

ಕಣ್ಣು ತೆರೆದರೆ ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳು ಒಂದು ಬೆರಳನ್ನೂ ಮುಟ್ಟಿಯೇ ಇರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ದಾನವ್ವನ ಕೈ ನಿಂತಿತು. ಶಿವಪುತ್ರಪ್ಪ ಕಾಲು ಹಿಂದಕ್ಕೆಳೆದುಕೊಂಡು, "ನಾ ಚ್ಯಾಷ್ಟಿ ಮಾಡಿದ್ನಿ," ಎಂದ. ಯಾರೂ ನಗಲಿಲ್ಲ. ವಿನೋದಿನಿ ಅಳು ಬಂದು ಗ್ಯಾಲರಿಗೆ ಹೋದಳು. ಹಬ್ಬದ ಮರುದಿನ ಬರ್ಫ ಒಯ್ಯಬೇಕು ಎಂದು ಚೆನ್ನಯ ಹೇಳಿ ಕಳಿಸಿದಾಗ ದಾನವ್ವ ಗಂಡನ ಮುಖವನ್ನು ನೋಡಿದಳು. ಬ್ಯಾಡ ಎನ್ನಲು ಬಾಯಿ ತೆರೆದಳು. ಗೋಡೆಗೆ ಮುಖ ಮಾಡಿ ಕೂತ ಆ ಬೆನ್ನು ನೆನಪಾಗಿ ಬಾಯಿ ಮುಚ್ಚಿದಳು. "ಹುಷಾರ್ ಹೋಗ್ರಿ," ಎಂದಷ್ಟೇ ಹೇಳಿ ಬುತ್ತಿ ಕಟ್ಟಿದಳು. ಅವಳದು ತಪ್ಪೆನ್ನುವವರು ಒಮ್ಮೆ ಅವಳ ಜಾಗದಲ್ಲಿ ಕೂತು ರೊಟ್ಟಿ ಬಡಿಯಲಿ.

ಗಾಳಿಮರ ದಾಟಿದ್ದೇ ಗಾಡಿ ಮರಳಿಗೆ ಇಳಿಯಿತು. ಇಳಿತದ ಹೊತ್ತಾದರೆ ನೀರಿನಂಚಿನಲ್ಲಿ ಒದ್ದೆ ಮರಳು ಗಟ್ಟಿಯಾಗಿ, ರಸ್ತೆಯ ಹಾಗೇ ಇರುತ್ತದೆ. ಆದರೆ ಹುಣ್ಣಿಮೆಯ ಉಬ್ಬರ ಆ ಅಂಚನ್ನು ಆಗಲೇ ನುಂಗಿತ್ತು. ಮಳೆಗಾಲದ ಅಲೆಗಳು ದಂಡೆಯ ರೂಪವನ್ನೇ ಬದಲಿಸಿ, ಹಳೆಯ ದಾರಿಯ ಮೇಲೆ ಹೊಸ ಮರಳಿನ ದಿಬ್ಬ ಒಟ್ಟಿದ್ದವು. ಮೇಲಿನ ಒಣ ಮರಳಿನಲ್ಲೇ ಹೋಗಬೇಕು.

"ಇವತ್ತು ಇಲ್ಲೇ ಇಳಿಸುವನಾ? ಹೆಂಗಸರನ್ನು ಕರೀತೇನೆ," ಎಂದ ಚೆನ್ನಯ.

"ಮದಲನೇ ಬರ್ಫ ತೆಲಿಮ್ಯಾಲೆ ಹೊರಸಬೇಕೇನು? ಅವರು ಅಲ್ಲಿ ಆರತಿ ಹಿಡ್ಕೊಂಡು ನಿಂತಾರ."

ದೂರದಲ್ಲಿ ನಿಜಕ್ಕೂ ನಿಂತಿದ್ದರು. ಹಸಿರು, ಕೆಂಪು ಸೀರೆಗಳು ಗಾಳಿಗೆ ಹಾರಾಡುತ್ತಿದ್ದವು. ಅದನ್ನು ನೋಡಿದ ಮೇಲೆ ಹಿಂದೆ ತಿರುಗುವ ಗಂಡಸು ಇನ್ನೂ ಹುಟ್ಟಬೇಕು. ಶಿವಪುತ್ರಪ್ಪ ಎರಡನೇ ಗೇರು ಹಾಕಿದ. ಕಿವಿಯನ್ನು ಎಂಜಿನ್ನಿಗೆ ಕೊಟ್ಟು, ಸದ್ದಿನ ಅಂದಾಜಿನ ಮೇಲೆ ಕಾಲು ಒತ್ತುತ್ತ ಹೋದ. ಹಿಂದಿನ ಬರ್ಫದ ಭಾರಕ್ಕೆ ಚಕ್ರಗಳು ಮರಳನ್ನು ಹಿಡಿದುಕೊಂಡವು. ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ಅವನ ಎದೆಯಲ್ಲಿ ಆಸೆ ಚಿಗುರಿತು. ಕಿವಿ ಇದ್ದರೆ ಸಾಕು, ಕಾಲು ಯಾಕೆ ಬೇಕು ಎಂದುಕೊಂಡ.

ಹೊಸ ದಿಬ್ಬದ ಬುಡದಲ್ಲಿ ಗಾಳಿ ಎದುರಾಗಿ ಬೀಸಿತು. ಎಂಜಿನ್ನಿನ ಸದ್ದು ಅಲೆಗಳ ಸದ್ದಿನಲ್ಲಿ ಕಲಸಿಹೋಯಿತು. ಅಷ್ಟೇ ಸಾಕಾಯಿತು. ಹಿಂಬದಿಯ ಎಡಚಕ್ರ ಒಮ್ಮೆ ಜಾರಿ ತಿರುಗಿತು. ಹಿಂದಿನ ದಿನಗಳಲ್ಲಾದರೆ ಕಾಲು ಆಗಲೇ ಹಿಂದೆ ಸರಿದಿರುತ್ತಿತ್ತು. ಇವನಿಗೆ ತಿಳಿಯುವ ಹೊತ್ತಿಗೆ ಗಾಡಿ ಸೊಂಟ ಮುರಿದ ಎಮ್ಮೆಯ ಹಾಗೆ ಹಿಂದಕ್ಕೆ ಕೂತಿತ್ತು.

"ಆಯ್ತಲ್ಲ ಕಥೆ. ಏನೂ ಆಗ್ಲಿಲ್ಲ, ನಿಲ್ಲು," ಎಂದು ಚೆನ್ನಯ ಇಳಿದ. ಚಕ್ರದ ಮುಂದಿನ ಮರಳನ್ನು ಕೈಯಿಂದ ತೆಗೆದು, ಗಾಡಿಯಲ್ಲಿದ್ದ ಹಲಗೆಯನ್ನು ಚಕ್ರದ ಅಡಿಗೆ ಒತ್ತಿ ಸೇರಿಸಿದ. ಉಬ್ಬರದ ನೀರು ಒಂದೊಂದೇ ಅಲೆಗೆ ಹತ್ತಿರ ಬರುತ್ತಿತ್ತು. ಅವನು ಗಾಡಿಯ ಹಿಂದೆ ಹೋಗಿ ಹಿಂಬಾಗಿಲಿಗೆ ಹೆಗಲು ಕೊಟ್ಟು ಕೂಗಿದ. "ಮೆಲ್ಲ, ಆಯ್ತಾ? ಉಸಿರು ಬಿಟ್ಟ ಹಾಗೆ ಕೊಡು! ಮೆಲ್ಲ!"

ಶಿವಪುತ್ರಪ್ಪ ಮೆಲ್ಲಗೇ ಒತ್ತಿದ. ಒತ್ತಿದೆನೆಂದು ಅವನು ತಿಳಿದದ್ದು ಮೆಲ್ಲಗೇ. ಎಂಜಿನ್ನು ಕಿರುಚಿದ ಮೇಲೆ ಬಗ್ಗಿ ನೋಡಿದ. ತನ್ನದೇ ಕಾಲು, ಯಾರೋ ಬೇರೆಯವರ ಕಾಲಿನಂತೆ, ಪೆಡಲನ್ನು ತಳಕ್ಕೆ ತುಳಿದು ಹಿಡಿದಿತ್ತು. ಅದನ್ನು ಎರಡೂ ಕೈಯಿಂದ ಎತ್ತಿ ತೆಗೆಯುವಷ್ಟರಲ್ಲಿ ಹಿಂದೆ ಫಟ್ಟೆಂದು ಸದ್ದಾಯಿತು. ತಿರುಗಿದ ಚಕ್ರ ಹಲಗೆಯನ್ನು ಹಿಂದಕ್ಕೆ ಎಸೆದಿತ್ತು.

ಚೆನ್ನಯ ಕೂಗಲಿಲ್ಲ. ಕೂತುಬಿಟ್ಟ. ಬಲಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆ ಬಾಗಿತ್ತು. "ಓ ದೇವ್ರೇ," ಎಂದು ಒಂದೇ ಸಲ ಅಂದು ಮರಳಿನ ಮೇಲೆ ಮಲಗಿದ. ಆರತಿ ಹಿಡಿದಿದ್ದ ಹೆಂಗಸರು ತಟ್ಟೆ ಕೆಳಗಿಟ್ಟು ಓಡಿ ಬಂದರು. ಗಂಡಸರು ಯಾವುದೋ ಮನೆಯ ಬಾಗಿಲು ಕಿತ್ತು ತಂದು, ಅದರ ಮೇಲೆ ಅವನನ್ನು ಮಲಗಿಸಿಕೊಂಡು ರಸ್ತೆಯ ಕಡೆ ಹೊರಟರು. ಶಿವಪುತ್ರಪ್ಪ ಅವರ ಹಿಂದೆ ಬರಿಗಾಲಿನಲ್ಲಿ ಓಡಿದ. ಗಾಡಿಯ ಅರ್ಧ ಎತ್ತರಕ್ಕೆ ನೀರು ಬಂತು. ಬರ್ಫ ಹೊತ್ತುಕೊಂಡಷ್ಟು ಹೆಂಗಸರ ತಲೆಗೆ, ಮಿಕ್ಕದ್ದು ಸಮುದ್ರಕ್ಕೆ. ಮರುದಿನದ ಇಳಿತದಲ್ಲಿ ಹಗ್ಗ ಕಟ್ಟಿ ಗಾಡಿಯನ್ನು ಎಳೆದರಂತೆ.

ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಚೆನ್ನಯನ ಹೆಂಡತಿ ಶೀಲಾವತಿ ಮೋಸಂಬಿ ಸುಲಿಯುತ್ತ ಕೂತಿದ್ದಳು. ಚೆನ್ನಯನ ಕಾಲು ತೊಡೆಯವರೆಗೆ ಪ್ಲಾಸ್ಟರಿನೊಳಗಿತ್ತು. ಶಿವಪುತ್ರಪ್ಪ, ದಾನವ್ವ ಬಂದದ್ದು ನೋಡಿ ಅವನು ನಕ್ಕ.

"ಬಾ ಬಾ. ಇವಳಿಗೆ ಹೇಳು ಮಾರಾಯ, ನಾನೇ ಜೋರಾಗಿ ಒತ್ತು ಅಂತ ಹೇಳಿದ್ದು ಅಂತ. ನಂಬುದಿಲ್ಲ. ನನ್ನದೇ ಬುದ್ಧಿಗೇಡಿತನ."

ಅವನು ಜೋರಾಗಿ ಒತ್ತು ಅಂದಿರಲಿಲ್ಲ. ಗೆಳೆಯನ ಮರ್ಯಾದೆ ಉಳಿಸಲು ಹಾಸಿಗೆಯಲ್ಲಿ ಬಿದ್ದುಕೊಂಡೇ ಸುಳ್ಳು ಕಟ್ಟಿದ್ದ. ಶಿವಪುತ್ರಪ್ಪ ಹೂಂ ಎನ್ನಲೂ ಆಗದೆ, ಅಲ್ಲ ಎನ್ನಲೂ ಆಗದೆ ಮಂಚದ ಕಂಬಿ ಹಿಡಿದು ನಿಂತ.

ದಾನವ್ವನಿಗೆ ತಡೆಯಲಾಗಲಿಲ್ಲ. "ಇಲ್ಲೋ ಯಪ್ಪಾ, ನಿಂದೇನ್ ತಪ್ಪಿಲ್ಲ," ಎಂದು ಮಂಚದ ಪಕ್ಕ ಕುಸಿದು ಕೂತಳು. "ಇವರ ಕಾಲಿಗೆ ಖಬರ್ ಇಲ್ಲ. ಮುಟ್ಟಿದ್ರ ಗೊತ್ತಾಗಂಗಿಲ್ಲ, ಚುಚ್ಚಿದ್ರ ಗೊತ್ತಾಗಂಗಿಲ್ಲ. ನನಗ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ನಿ. ನನ್ನ ಬಾಯಿಗೆ ಮಣ್ಣ ಹಾಕ."

ಶೀಲಾವತಿಯ ಕೈಯಲ್ಲಿದ್ದ ಮೋಸಂಬಿ ಹಾಗೇ ಉಳಿಯಿತು. ಚೆನ್ನಯನ ನಗು ನಿಧಾನವಾಗಿ ಇಳಿದು ಹೋಯಿತು. ಅವನು ಶಿವಪುತ್ರಪ್ಪನನ್ನೇ ದಿಟ್ಟಿಸಿದ.

"ಹೌದಾ?"

ಶಿವಪುತ್ರಪ್ಪ ಹೌದೆಂದು ತಲೆಯಾಡಿಸಿದ.

"ಗೊತ್ತಿದ್ದೂ ನನ್ನನ್ನು ಹಿಂದೆ ನಿಲ್ಲಿಸಿದ್ಯಾ?"

"ಹೇಳ್ಬೇಕಂತಿದ್ನಿ ಚೆನ್ನಯಾ. ಹೇಳಿದ್ರ ನೀ ಗಾಡಿ ಬಿಡಸ್ತಿದ್ದಿ."

"ಬಿಡಿಸ್ತಿದ್ದೆ. ಹೌದು, ಬಿಡಿಸ್ತಿದ್ದೆ." ಚೆನ್ನಯ ಪ್ಲಾಸ್ಟರನ್ನು ತೋರಿಸಿದ. "ಕೈ ಜಾರಿ ಮುರಿದಿದ್ರೆ ಬೇಜಾರಿರಲಿಲ್ಲ ಮಾರಾಯ. ಮುಚ್ಚಿಟ್ಟು ಮುರಿದ್ಯಲ್ಲ." ಪ್ಲಾಸ್ಟರಿನ ಕಾಲು ತಿರುಗಿಸಲಾಗದೆ, ಮುಖವನ್ನಷ್ಟೇ ಗೋಡೆಯ ಕಡೆಗೆ ತಿರುಗಿಸಿದ. ಭೇಟಿಯ ಹೊತ್ತು ಮುಗಿಯುವವರೆಗೂ ಈ ಕಡೆ ನೋಡಲಿಲ್ಲ.

ಅಲ್ಲಿಗೆ ಶಿವಪುತ್ರಪ್ಪನ ಡ್ರೈವರಿಕೆ ಮುಗಿಯಿತು. ಯಾರೂ ಬಿಡಿಸಲಿಲ್ಲ, ತಾನಾಗಿಯೇ ಕೀಲಿಕೈಯನ್ನು ಮುರಿಗೆಪ್ಪನ ಕೈಗಿಟ್ಟು ಬಂದ. ಉಪ್ಪುನೀರು ಕುಡಿದ ಎಂಜಿನ್ನನ್ನು ಮುರಿಗೆಪ್ಪ ಹೇಗೋ ರಿಪೇರಿ ಮಾಡಿಸಿದ. ಬೇರೆ ಡ್ರೈವರನ್ನು ಇಟ್ಟು ನೋಡಿದ. ಅವನು ಗಾಳಿಮರದ ಹತ್ತಿರವೇ ಬರ್ಫ ಇಳಿಸಿ ತಿರುಗಿ ಬರುತ್ತಿದ್ದ. ಕೋಲಿವಾಡದ ಹೆಂಗಸರು ಬಿಸಿಲಲ್ಲಿ ತಲೆಯ ಮೇಲೆ ಕರಗುವ ಬರ್ಫ ಹೊತ್ತು ಓಡುತ್ತಿದ್ದರು.

ಇತ್ತ ಆಂಟಾಪ್ ಹಿಲ್ಲಿನಲ್ಲಿ ಮತ್ತೆ ಅದೇ ಬೆನ್ನು. ದಾನವ್ವ ರೊಟ್ಟಿ ಬಡಿಯುವಾಗ ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟಳು. ವಿನೋದಿನಿ ಅಪ್ಪನ ಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದಳು. "ಅಬ್ ಕುಛ್ ಗೊತ್ತಾಗ್ತದಾ ಪಪ್ಪಾ?" ಎಂದು ಕೇಳುತ್ತಿದ್ದಳು. ಅವನು ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದ. ಅಟ್ಟ ಮೇಲೆ ಒಲೆ ಉರಿಯಿತಂತೆ, ಹಾಗೆ ಗುಳಿಗೆಯನ್ನೂ ಹೊತ್ತು ಹೊತ್ತಿಗೆ ನುಂಗುತ್ತಿದ್ದ. ಆಸ್ಪತ್ರೆಗೆ ಮತ್ತೊಮ್ಮೆ ಹೋಗಲು ಅವನಿಗೆ ಮುಖವಿರಲಿಲ್ಲ. ದಾನವ್ವ ಮಾತ್ರ ಆಗಾಗ ಹೋಗಿ, ಶೀಲಾವತಿಯ ಕೈಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟು, ಚೆನ್ನಯನ ಎದುರು ಹೋಗದೆ ತಿರುಗಿ ಬರುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಾಳಿನ ಮೆಟ್ಟಿಲಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದಾಯಿತು. ಬಾಗಿಲಲ್ಲಿ ಚೆನ್ನಯ ನಿಂತಿದ್ದ. ಸೊರಗಿ ಇಳಿದುಹೋಗಿದ್ದ. ಏದುಸಿರು ಬಿಡುತ್ತಿದ್ದ.

"ದಾನಕ್ಕ, ನಿಮ್ಮ ರೊಟ್ಟಿ ತಿಂದು ತಿಂದು ಹಲ್ಲು ಗಟ್ಟಿಯಾಯ್ತು, ಕಾಲೂ ಗಟ್ಟಿಯಾಯ್ತು," ಎಂದ. ಆಮೇಲೆ ಗೋಡೆಯ ಕಡೆ ನೋಡಿ, "ಇವನು ಎಂತ, ಗೋಡೆಗೆ ಸುಣ್ಣ ಹೊಡೀಲಿಕ್ಕೆ ಕೂತದ್ದಾ?" ಎಂದು ಕೇಳಿದ.

ಶಿವಪುತ್ರಪ್ಪ ತಿರುಗಿದ. ಎದ್ದು ನಿಲ್ಲಲು ಹೋಗಿ, ಕಾಲು ಎಲ್ಲಿದೆಯೆಂದು ತಿಳಿಯದೆ ವಾಲಿ, ಕಪಾಟು ಹಿಡಿದುಕೊಂಡ. ಕಣ್ಣಿಂದ ನೀರು ದಳದಳ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

"ಅಳಬೇಡ. ಸಿಟ್ಟು ಇನ್ನೂ ಉಂಟು ನನಗೆ, ಹೋಗ್ಲಿಲ್ಲ," ಎಂದ ಚೆನ್ನಯ. "ಆದ್ರೆ ಹಮಾಲಿ ಕೆಲಸ ಇನ್ನು ನನ್ನಿಂದ ಆಗುದಿಲ್ಲ. ಭಾರ ಎತ್ಬಾರ್ದು ಅಂತ ಡಾಕ್ಟರು ಹೇಳಿದ್ದಾರೆ. ಮುರಿಗೆಪ್ಪಣ್ಣನ ಹತ್ರ ಮಾತಾಡಿ ಬಂದೆ. ಗಾಡಿ ನಾನು ಬಿಡ್ತೇನೆ. ಕೆಳಗೆ ನಿಲ್ಲಿಸಿದ್ದೇನೆ, ಮುಲುಂಡಿನಿಂದ ಇಲ್ಲಿವರೆಗೆ ಒಂದು ಕಂಬಕ್ಕೂ ಗುದ್ದಲಿಲ್ಲ. ಆದ್ರೆ ಮರಳಿನಲ್ಲಿ ನನಗೆ ಬರುದಿಲ್ಲ. ನೀನು ಪಕ್ಕದಲ್ಲಿ ಕೂತು ಹೇಳ್ಬೇಕು."

"ಆ ಕಾಲು ಇಟ್ಕೊಂಡು ಹ್ಯಾಂಗ ಬಿಡ್ತಿ?"

"ಇದು ಮುರಿದದ್ದು ಮಾರಾಯ," ಎಂದ ಚೆನ್ನಯ, "ಸತ್ತದ್ದಲ್ಲ."

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೆ ನಾಟಿತು. ಅಂದವನಿಗೂ ನೋವಾಯಿತೇನೋ, ಕೋಲು ಊರಿ ಬೇಗ ಬೇಗ ಮೆಟ್ಟಿಲಿಳಿಯತೊಡಗಿದ. ದಾನವ್ವ ಗಂಡನ ಅಂಗಿ ತಂದು ಕೈಗೆ ಕೊಟ್ಟಳು. "ಹೋಗ್ರಿ. ಅವ ಕರಿಯಾಕತ್ತಾನ," ಎಂದಳು.

ಇಬ್ಬರೂ ಕಾರ್ಖಾನೆಯಲ್ಲಿ ಬರ್ಫ ತುಂಬಿಸಿಕೊಂಡು ಗಾಳಿಮರದ ಹತ್ತಿರ ಬಂದು, ಟಯರಿನ ಗಾಳಿ ಬಿಟ್ಟರು. ಶಿವಪುತ್ರಪ್ಪ ಎಡಗಡೆಯ ಸೀಟಿನಲ್ಲಿ ಕೂತ. ಸ್ಟೇರಿಂಗಿಲ್ಲದ ಆ ಜಾಗ ಅವನಿಗೆ ಹೊಸದು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಾಡಿ ಮರಳಿಗಿಳಿದು ದಿಬ್ಬದ ಬುಡಕ್ಕೆ ಬಂತು. ಚೆನ್ನಯನ ಹಣೆಯಲ್ಲಿ ಬೆವರು. ಅವನಿಗೂ ಈ ಜಾಗ ಮರೆತಿರಲಿಲ್ಲ. ಗಾಡಿ ನಿಂತಿತು.

"ಹೇಳು. ಎಷ್ಟು ಒತ್ಲಿ?"

"ಹಗೂರ ಒತ್ತು."

"ಹಗೂರ ಅಂದ್ರೆ ಎಷ್ಟು ಮಾರಾಯ? ಸರಿ ಹೇಳು."

ಶಿವಪುತ್ರಪ್ಪ ಎಷ್ಟೋ ವರ್ಷ ಮಾಡಿದ ಕೆಲಸ, ನಿದ್ದೆಯಲ್ಲೂ ಮಾಡಬಲ್ಲೆ ಎಂದುಕೊಂಡಿದ್ದ ಕೆಲಸ. ಕಣ್ಣು ಮುಚ್ಚಿ, ಅಂಗಾಲಿಗೆ ಹತ್ತುತ್ತಿದ್ದ ಆ ನಡುಕವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಕಾಲಿನ ಜೊತೆ ಕಾಲು ಕಲಿತದ್ದೂ ಹೋಗಿತ್ತು. ಇದೊಂದನ್ನು ಅವನು ಯಾರ ಬಾಯಿಂದಲೂ ಕಲಿತಿರಲಿಲ್ಲ, ಬಾಯಲ್ಲಿ ಹೇಳಲು ಏನೂ ಇರಲಿಲ್ಲ.

"ನನಗ ಗೊತ್ತಿಲ್ಲ ಚೆನ್ನಯಾ," ಎಂದ. "ಎಲ್ಲಾ ಹೋತು."

ಎಂಜಿನ್ನು ಗುರುಗುಡುತ್ತಿತ್ತು. ಚೆನ್ನಯ ಸ್ಟೇರಿಂಗು ಹಿಡಿದು ಮುಂದೆ ನೋಡುತ್ತಲೇ, "ಗೊತ್ತಿಲ್ಲದೆ ಎಲ್ಲಿಗೆ ಹೋಗ್ತದೆ? ಹೇಗಾದ್ರೂ ತೋರಿಸು," ಎಂದ.

ಶಿವಪುತ್ರಪ್ಪ ಗೇರಿನ ಕೋಲು ದಾಟಿ ಬಲಗೈ ಚಾಚಿದ. ಅಳುಕುತ್ತ ಅಂಗೈಯನ್ನು ಚೆನ್ನಯನ ಬಲ ಮೊಣಕಾಲಿನ ಮೇಲೆ ಇಟ್ಟ. ಅಂಗೈಯನ್ನು ಸ್ವಲ್ಪ, ಬಹಳ ಸ್ವಲ್ಪ, ಕೆಳಕ್ಕೆ ಒತ್ತಿದ.

"ಇಷ್ಟು."

ಗಾಡಿ ಕದಲಿತು. ಪೆಡಲಿನಿಂದ ಹೊರಟ ನಡುಕ ಚೆನ್ನಯನ ಕಾಲಿನ ಮೂಳೆ ಹತ್ತಿ ಅವನ ಅಂಗೈಗೆ ಬಂತು. ಬಂತು! ಶಿವಪುತ್ರಪ್ಪ ಉಸಿರು ಬಿಗಿಹಿಡಿದ. ನಡುಕ ಬದಲಾಗುತ್ತಿದೆ ಎನಿಸಿದಾಗ ಕೈಯನ್ನು ಸಡಿಲಿಸಿದ, ಚೆನ್ನಯನ ಕಾಲೂ ಸಡಿಲಿತು. ಮತ್ತೆ ಒತ್ತಿದ. "ಇಷ್ಟು... ಬಿಡು... ಹಾಂ, ಈಗ ಇಷ್ಟು..." ದಿಬ್ಬ ಕೆಳಗೆ ಸರಿಯಿತು. ಬಲೆ ಒಣಗಿಸುತ್ತಿದ್ದ ಹೆಂಗಸರು ತಲೆ ಎತ್ತಿದರು. ಯಾರೋ ಒಬ್ಬಳು "ಅಣ್ಣಾ ಆಲಾ!" ಎಂದು ಅಣ್ಣ ಬಂದ ಸುದ್ದಿ ಕೂಗಿದಳು. ಅವನು ಆ ಕಡೆ ನೋಡಲಿಲ್ಲ, ಅವನ ಜೀವವೆಲ್ಲ ಅಂಗೈಯಲ್ಲಿತ್ತು.

ಕೋಲಿವಾಡದ ಮುಂದೆ ಗಾಡಿ ಬ್ರೇಕಿಲ್ಲದೆ ತಾನಾಗಿಯೇ ನಿಂತಿತು. ಚೆನ್ನಯ ಎಂಜಿನ್ನು ಬಂದ್ ಮಾಡಿದ. ಸಮುದ್ರದ ಸದ್ದು ಕೇಳತೊಡಗಿತು.

"ಬಂತು," ಎಂದ ಚೆನ್ನಯ.

"ಹೂಂ," ಎಂದ ಶಿವಪುತ್ರಪ್ಪ.

ಕೈ ತೆಗೆಯಲು ಹೋದಾಗ ಅದು ಮೊಣಕಾಲಿನಿಂದ ಕೆಳಗೆ ಜಾರಿತು. ಪ್ಯಾಂಟಿನ ಬಟ್ಟೆಯಡಿಯಲ್ಲಿ, ಮೂಳೆ ಮುರಿದು ಕೂಡಿಕೊಂಡ ಜಾಗದಲ್ಲಿ, ನೆಲ್ಲಿಕಾಯಿಯಷ್ಟು ದಪ್ಪನೆಯ ಗಂಟು ಬೆರಳಿಗೆ ಸಿಕ್ಕಿತು. ಅವನ ಕೈ ಅಲ್ಲೇ ನಿಂತಿತು. ಚೆನ್ನಯ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಿಂಬದಿಯಲ್ಲಿ ಹೆಂಗಸರು ಗೋಣಿತಾಟು ಸರಿಸಿ, ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತ ಬರ್ಫ ಇಳಿಸತೊಡಗಿದ್ದರು.